ಸರ್ಕಾರದ ಹಣ, ಖಾಸಗಿ ಕಡತ: ಸಂಘ-ಸಂಸ್ಥೆಗಳು ಮಾಹಿತಿ ಹಕ್ಕಿನ ಒಳಗೋ ಹೊರಗೋ?

ಅನುದಾನಿತ ಪ್ರೌಢಶಾಲೆಯ ಶಿಕ್ಷಕರಿಗೆ ಸಂಬಳ ಬರುವುದು ಖಜಾನೆಯಿಂದ. ಆದರೆ ಅವರನ್ನು ಯಾವ ಅಂಕಪಟ್ಟಿ ನೋಡಿ ನೇಮಿಸಿಕೊಂಡಿರಿ ಎಂದು ಪೋಷಕರೊಬ್ಬರು ಮಾಹಿತಿ ಹಕ್ಕಿನಡಿ ಕೇಳಿದರೆ ಆಡಳಿತ ಮಂಡಳಿಯಿಂದ ಬರುವ ಹಿಂಬರಹದಲ್ಲಿ ಇರುವುದು ಒಂದೇ ಸಾಲು: ನಮ್ಮದು ಖಾಸಗಿ ಸಂಸ್ಥೆ, ಕಾಯ್ದೆ ಅನ್ವಯಿಸುವುದಿಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಕೊಟ್ಟ ನಾಗರಿಕ ಸೌಲಭ್ಯ (ಸಿಎ) ನಿವೇಶನದಲ್ಲಿ ಕಟ್ಟಿದ ಟ್ರಸ್ಟ್ ಆಸ್ಪತ್ರೆ, ಪತ್ತಿನ ಸಹಕಾರ ಸಂಘ, ರಾಜ್ಯ ತಂಡವನ್ನು ಆರಿಸುವ ಕ್ರೀಡಾ ಸಂಸ್ಥೆ, ಸರ್ಕಾರದ ಯೋಜನೆಯನ್ನು ಊರಲ್ಲಿ ಜಾರಿ ಮಾಡುವ ಸ್ವಯಂಸೇವಾ ಸಂಸ್ಥೆ, ಎಲ್ಲೆಡೆಯೂ ಇದೇ ಉತ್ತರ ಸಿಗಬಹುದು. ಕೆಲವೊಮ್ಮೆ ಅದು ಕಾನೂನಿನ ಪ್ರಕಾರ ಸರಿ, ಕೆಲವೊಮ್ಮೆ ಪೂರ್ತಿ ತಪ್ಪು. ಯಾವಾಗ ಯಾವುದು ಎಂಬುದರ ಬಗ್ಗೆ ಆಯೋಗಗಳೂ ಹೈಕೋರ್ಟುಗಳೂ ಸುಪ್ರೀಂ ಕೋರ್ಟೂ ಕಾಯ್ದೆ ಬಂದಾಗಿನಿಂದ ವಾದ ಕೇಳುತ್ತಲೇ ಇವೆ.

ಲಾಭಕ್ಕಾಗಿ ನಡೆಯದ ಖಾಸಗಿ ಸಂಸ್ಥೆಯ ಕಡತ ಸಾರ್ವಜನಿಕರಿಗೆ ತೆರೆದಿರಬೇಕೇ ಎಂಬ ಈ ವಾದದ ಕವಲುಗಳು ಯಾವುವು, ಒಂದೊಂದೂ ಎಲ್ಲಿಗೆ ಮುಟ್ಟಿಸುತ್ತದೆ, ಎಲ್ಲಿ ಕೈಬಿಡುತ್ತದೆ ಎಂದು ನೋಡುವುದು ಈ ಲೇಖನದ ಉದ್ದೇಶ.

ಒಂದು ಉಪವಾಕ್ಯ ಸೇರಿಕೊಂಡ ಬಗೆ

ಮಾಹಿತಿ ಹಕ್ಕಿನ ಚಳವಳಿ ಹುಟ್ಟಿದ್ದು ಸರ್ಕಾರಿ ಕಡತಗಳ ಸುತ್ತ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರಿಂದ ನಡೆಸಿದ ಜನಸುನವಾಯಿಗಳಲ್ಲಿ ಕೂಲಿಕಾರರು ಕೇಳಿದ್ದು ಪಂಚಾಯಿತಿಯ ಹಾಜರಿ ಪಟ್ಟಿ ಮತ್ತು ಬಿಲ್ಲುಗಳನ್ನು. ಕೇಂದ್ರಕ್ಕಿಂತ ಮೊದಲೇ, 2000ರಲ್ಲಿ, ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿಕೊಂಡಿತ್ತು. ಸಂಸತ್ತು 2002ರಲ್ಲಿ ಅಂಗೀಕರಿಸಿದ ಮಾಹಿತಿ ಸ್ವಾತಂತ್ರ್ಯ ಕಾಯ್ದೆ ಜಾರಿಗೇ ಬರಲಿಲ್ಲ. ಅದರ ವ್ಯಾಖ್ಯೆಯಲ್ಲಿ ಸರ್ಕಾರದ ಒಡೆತನ, ಹಿಡಿತ ಅಥವಾ ಗಣನೀಯ ಹಣಕಾಸು ಇರುವ ಸಂಸ್ಥೆಗಳ ಮಾತಿತ್ತು. ಸರ್ಕಾರೇತರ ಸಂಸ್ಥೆ ಎಂಬ ಹೆಸರು ಇರಲಿಲ್ಲ.

2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂದ ಈಗಿನ ಕಾಯ್ದೆಯ ಸೆಕ್ಷನ್ 2(ಎಚ್) ಆ ಹೆಸರನ್ನು ಸೇರಿಸಿತು. ಸಂವಿಧಾನದಿಂದ, ಶಾಸನದಿಂದ, ಸರ್ಕಾರದ ಅಧಿಸೂಚನೆಯಿಂದ ಹುಟ್ಟಿದ ಸಂಸ್ಥೆಗಳು ಸಾರ್ವಜನಿಕ ಪ್ರಾಧಿಕಾರಗಳು. ಜೊತೆಗೆ ಸರ್ಕಾರದ ಒಡೆತನ ಅಥವಾ ನಿಯಂತ್ರಣದಲ್ಲಿರುವ, ಇಲ್ಲವೇ ಅದರಿಂದ ಗಣನೀಯವಾಗಿ ಹಣ ಪಡೆಯುವ ಸಂಸ್ಥೆಗಳೂ, ನೇರವಾಗಿಯೋ ಪರೋಕ್ಷವಾಗಿಯೋ ಗಣನೀಯ ಸರ್ಕಾರಿ ಹಣ ಪಡೆಯುವ ಸರ್ಕಾರೇತರ ಸಂಸ್ಥೆಗಳೂ ಅದರೊಳಗೆ ಬರುತ್ತವೆ. ‘ಗಣನೀಯ’ ಎಂದರೆ ಎಷ್ಟು ಎಂದು ಕಾಯ್ದೆ ಎಲ್ಲೂ ಹೇಳಲಿಲ್ಲ. ಇವತ್ತಿನ ಬಹುಪಾಲು ವ್ಯಾಜ್ಯ ಹೊರಟಿರುವುದು ಆ ಮೌನದಿಂದ.

ಬೇರೆ ಕಾಯ್ದೆಗಳು ಅಂಕಿ ಹೇಳಲು ಹಿಂಜರಿದಿಲ್ಲ. ಮಹಾಲೇಖಪಾಲರ 1971ರ ಕಾಯ್ದೆಯ ಸೆಕ್ಷನ್ 14ರಲ್ಲಿ, ವರ್ಷಕ್ಕೆ 25 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಮತ್ತು ಒಟ್ಟು ವೆಚ್ಚದ ಶೇ. 75ಕ್ಕೆ ಕಡಿಮೆಯಿಲ್ಲದ ನೆರವು ಗಣನೀಯ. ಲೋಕಪಾಲ ಕಾಯ್ದೆಯಡಿ 2016ರಲ್ಲಿ ಕೇಂದ್ರ ಸರ್ಕಾರ ನಿಗದಿ ಮಾಡಿದ ಮಿತಿ 1 ಕೋಟಿ ರೂಪಾಯಿಯ ಸರ್ಕಾರಿ ನೆರವು. ಮಾಹಿತಿ ಹಕ್ಕು ಮಾತ್ರ ಪ್ರತಿ ಪ್ರಕರಣದಲ್ಲೂ ಹೊಸದಾಗಿ ಅಳೆಯಬೇಕಾದ ಸ್ಥಿತಿಯಲ್ಲಿ ಉಳಿಯಿತು.

ಹಣದ ಜಾಡು ಹಿಡಿದವರು

ಮೊದಲ ಪಂಥದ ವಾದ ಯಾರಿಗೂ ಅರ್ಥವಾಗುವಂಥದ್ದು. ತೆರಿಗೆದಾರರ ಹಣ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಅವರ ಪ್ರಶ್ನೆಯೂ ಹೋಗಬೇಕು.

ಈ ಪಂಥಕ್ಕೆ ಆರಂಭದಲ್ಲೇ ಬಲ ಕೊಟ್ಟಿದ್ದು ದೆಹಲಿ ಹೈಕೋರ್ಟಿನ 2010ರ ಜನವರಿಯ ತೀರ್ಪು. ಭಾರತೀಯ ಒಲಿಂಪಿಕ್ ಸಂಸ್ಥೆ, ಚಾಣಕ್ಯಪುರಿಯ ಸಂಸ್ಕೃತಿ ಶಾಲೆ, ಕಾಮನ್‌ವೆಲ್ತ್ ಕ್ರೀಡಾಕೂಟದ ಸಂಘಟನಾ ಸಮಿತಿ, ಈ ಮೂರೂ ತಾವು ಕಾಯ್ದೆಯ ಹೊರಗೆ ಎಂದು ವಾದಿಸಿದವು. ನ್ಯಾಯಮೂರ್ತಿ ರವೀಂದ್ರ ಭಟ್ ಒಪ್ಪಲಿಲ್ಲ. ‘ಗಣನೀಯ’ ಎಂದರೆ ಬಹುಪಾಲು ಎಂದೇ ಆಗಬೇಕಿಲ್ಲ, ಅಗ್ಗದ ಭೂಮಿಯೂ ನೆರವೇ ಎಂಬ ದಿಕ್ಕಿನಲ್ಲಿ ಅವರ ತರ್ಕ ಸಾಗಿತು. ಸಂಘಟನಾ ಸಮಿತಿ ಕಾಗದದ ಮೇಲೆ ಒಂದು ನೋಂದಾಯಿತ ಸಂಘ ಮಾತ್ರ. ಅದೇ ವರ್ಷ ಕ್ರೀಡಾಕೂಟದ ಖರ್ಚುವೆಚ್ಚದ ಹಗರಣ ಹೊರಬಂದಾಗ, ಆ ಸಂಘದ ಲೆಕ್ಕ ಖಾಸಗಿಯಾಗಿಯೇ ಉಳಿದಿದ್ದರೆ ಏನಾಗುತ್ತಿತ್ತು ಎಂದು ಬಿಡಿಸಿ ಹೇಳುವ ಅಗತ್ಯ ಉಳಿಯಲಿಲ್ಲ.

ಸುಪ್ರೀಂ ಕೋರ್ಟ್ ಈ ತರ್ಕವನ್ನು ಸ್ಪಷ್ಟವಾಗಿ ಎತ್ತಿ ಹಿಡಿದದ್ದು 2019ರ ಸೆಪ್ಟೆಂಬರ್ 17ರಂದು, ಡಿಎವಿ ಕಾಲೇಜ್ ಟ್ರಸ್ಟ್ ಪ್ರಕರಣದಲ್ಲಿ. ಚಂಡೀಗಢದ ಕಾಲೇಜುಗಳು ಸರ್ಕಾರದಿಂದ ದೊಡ್ಡ ಮೊತ್ತದ ಅನುದಾನ ಪಡೆಯುತ್ತಿದ್ದವು, ಬೋಧಕರ ಸಂಬಳದ ಬಹುಪಾಲು ಅದರಿಂದಲೇ ಸಲ್ಲುತ್ತಿತ್ತು. ಗಣನೀಯ ಎಂದರೆ ಅರ್ಧಕ್ಕಿಂತ ಹೆಚ್ಚಾಗಿರಲೇಬೇಕೆಂದಿಲ್ಲ ಎಂದು ನ್ಯಾಯಮೂರ್ತಿಗಳಾದ ದೀಪಕ್ ಗುಪ್ತಾ ಮತ್ತು ಅನಿರುದ್ಧ ಬೋಸ್ ಹೇಳಿದರು. ನಗರದಲ್ಲಿ ಉಚಿತವಾಗಿ ಅಥವಾ ಭಾರಿ ರಿಯಾಯಿತಿಗೆ ಕೊಟ್ಟ ಭೂಮಿ ಕೂಡ ಗಣನೀಯ ನೆರವಾಗಬಹುದು. ಅದರ ಬೆಲೆಯನ್ನು ಕೊಟ್ಟ ದಿನದ ದರದಲ್ಲಷ್ಟೇ ಅಲ್ಲ, ಪ್ರಶ್ನೆ ಎದ್ದ ದಿನದ ದರದಲ್ಲೂ ನೋಡಬೇಕು.

ಬೆಂಗಳೂರಿನ ಓದುಗರಿಗೆ ಈ ಕೊನೆಯ ಮಾತಿನ ತೂಕ ಗೊತ್ತಾಗುತ್ತದೆ. ಬಡಾವಣೆಗಳ ಸಿಎ ನಿವೇಶನಗಳನ್ನು ರಿಯಾಯಿತಿ ಗುತ್ತಿಗೆಗೆ ಪಡೆದು ಶಾಲೆ, ಸಮುದಾಯ ಭವನ, ಆಸ್ಪತ್ರೆ ಕಟ್ಟಿರುವ ಸಂಘ-ಸಂಸ್ಥೆಗಳು ಇಲ್ಲಿ ಹೇರಳ. ಜಿಲ್ಲೆಗಳಲ್ಲಿ ಗೋಮಾಳ ಪಡೆದವೂ ಇವೆ. ಡಿಎವಿ ತೀರ್ಪನ್ನು ಅಕ್ಷರಶಃ ಅನ್ವಯಿಸಿದರೆ ಅವುಗಳಲ್ಲಿ ಎಷ್ಟೋ ಸಂಸ್ಥೆಗಳು ಮಾಹಿತಿ ಅಧಿಕಾರಿಯ ಬೋರ್ಡು ಹಾಕಬೇಕಾಗುತ್ತದೆ. ಹಾಗೆ ಮಾಡಿಸಲು ಸರ್ಕಾರ ಮುಂದಾಗದಿರುವುದು ನನ್ನ ದೃಷ್ಟಿಯಲ್ಲಿ ದೊಡ್ಡ ಲೋಪ.

ಹಣದ ಪಂಥದ ದೌರ್ಬಲ್ಯ ತೋರಬೇಕೆಂದರೆ ಅಮೆರಿಕದ 1980ರ ಒಂದು ತೀರ್ಪನ್ನು ನೆನೆಯಬೇಕು. ಫೋರ್ಶಮ್ ವಿರುದ್ಧ ಹ್ಯಾರಿಸ್ ಪ್ರಕರಣದಲ್ಲಿ ಮಧುಮೇಹದ ಔಷಧಿಗಳ ಅಧ್ಯಯನವೊಂದಕ್ಕೆ ಪೂರ್ತಿ ಫೆಡರಲ್ ಅನುದಾನವಿತ್ತು. ಆದರೂ ಸಂಶೋಧಕರ ಬಳಿಯಿದ್ದ ದತ್ತಾಂಶ ಸರ್ಕಾರದ ದಾಖಲೆಯಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಹಣ ಕೊಟ್ಟ ಮಾತ್ರಕ್ಕೆ ಕಡತ ಸರ್ಕಾರದ್ದಾಗುವುದಿಲ್ಲ. ಇದನ್ನು ಭಾಗಶಃ ಸರಿಪಡಿಸಲು 1998ರಲ್ಲಿ ಅಮೆರಿಕದ ಕಾಂಗ್ರೆಸ್ ಹೊಸ ನಿಯಮ ತರಬೇಕಾಯಿತು.

ಹಿಡಿತ ಯಾರ ಕೈಯಲ್ಲಿದೆ?

ಎರಡನೆಯ ಪಂಥಕ್ಕೆ ಹಣಕ್ಕಿಂತ ಆಡಳಿತ ಮುಖ್ಯ. ಇದರ ಕೇಂದ್ರದಲ್ಲಿರುವುದು ಥಲಪ್ಪಲಂ ಸೇವಾ ಸಹಕಾರ ಬ್ಯಾಂಕ್ ಪ್ರಕರಣ.

ಕೇರಳದ ಸಹಕಾರ ಸಂಘಗಳ ನಿಬಂಧಕರು 2006ರ ಮೇ ತಿಂಗಳಲ್ಲಿ ಸುತ್ತೋಲೆ ಹೊರಡಿಸಿ ರಾಜ್ಯದ ಎಲ್ಲ ಸಹಕಾರ ಸಂಘಗಳೂ ಸಾರ್ವಜನಿಕ ಪ್ರಾಧಿಕಾರಗಳು ಎಂದರು. ಕೇರಳ ಹೈಕೋರ್ಟಿನ ಪೂರ್ಣ ಪೀಠ ಅದನ್ನು ಒಪ್ಪಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ 2013ರ ಅಕ್ಟೋಬರ್ 7ರಂದು ಅದನ್ನು ತಳ್ಳಿಹಾಕಿದರು. ಅವರು ಎಳೆದ ಗೆರೆಗಳು ಹೀಗಿವೆ. ಶಾಸನದಿಂದ ಹುಟ್ಟಿದ ಸಂಸ್ಥೆ ಬೇರೆ, ಶಾಸನದಡಿ ನೋಂದಣಿಯಾಗಿ ಅದರ ನಿಯಮ ಪಾಲಿಸುವ ಸಂಸ್ಥೆ ಬೇರೆ. ಮೇಲ್ವಿಚಾರಣೆ, ತಪಾಸಣೆ, ಲೆಕ್ಕಪರಿಶೋಧನೆ ಇವು ನಿಯಂತ್ರಣವಲ್ಲ, ನಿಯಂತ್ರಣವೆಂದರೆ ಆಡಳಿತದ ಮೇಲೆ ನಿಜವಾದ, ಗಣನೀಯ ಹಿಡಿತ. ಸಹಾಯಧನ, ವಿನಾಯಿತಿ, ಸವಲತ್ತು ಸಿಕ್ಕ ಮಾತ್ರಕ್ಕೆ ಸಾಲದು, ಆ ನೆರವಿಲ್ಲದೆ ಸಂಸ್ಥೆ ಉಳಿಯುವುದೇ ಕಷ್ಟ ಎಂಬಂತಿರಬೇಕು. ಟೆಕ್ಸಸ್‌ನ ಸುಪ್ರೀಂ ಕೋರ್ಟ್ ಕೂಡ 2015ರಲ್ಲಿ, ಹೂಸ್ಟನ್‌ನ ವಾಣಿಜ್ಯ ಸಂಘಟನೆಯೊಂದರ ವಿಚಾರದಲ್ಲಿ, ಬಹಳ ಹತ್ತಿರದ ಅಳತೆಗೋಲನ್ನೇ ಹಿಡಿಯಿತು.

ಕರ್ನಾಟಕ ಹೈಕೋರ್ಟ್ ಈ ದಾರಿಯಲ್ಲಿ ಮೊದಲೇ ನಡೆದಿತ್ತು. ದತ್ತಪ್ರಸಾದ್ ಗೃಹ ನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ, ಸಹಕಾರ ಕಾಯ್ದೆಯಡಿ ನೋಂದಣಿಯಾದ ಕಾರಣಕ್ಕೇ ಸಂಘವೊಂದು ಸಾರ್ವಜನಿಕ ಪ್ರಾಧಿಕಾರವಾಗದು ಎಂದು ಅದು ಥಲಪ್ಪಲಂಗಿಂತ ಮುಂಚೆಯೇ ಹೇಳಿತ್ತು.

ಈ ಪಂಥದ ಶಕ್ತಿ ಅದರ ಖಚಿತತೆ. ಸದಸ್ಯರು ಷೇರು ಹಾಕಿ, ತಾವೇ ಮತ ಹಾಕಿ ನಡೆಸುವ ಸಂಘವನ್ನು ತಾಲ್ಲೂಕು ಕಚೇರಿಯಂತೆ ಕಾಣಬಾರದು ಎಂಬುದು ನ್ಯಾಯವಾದ ಮಾತು. ತೊಂದರೆ ಇರುವುದು ರುಜುವಾತಿನ ಹೊರೆಯಲ್ಲಿ. ಸಂಸ್ಥೆಗೆ ಗಣನೀಯ ಹಣ ಬಂದಿದೆ ಎಂದು ಮೊದಲು ತೋರಿಸಬೇಕಾದದ್ದು ಮಾಹಿತಿ ಕೇಳಿದವರು. ಆದರೆ ಅದನ್ನು ತೋರಿಸಲು ಬೇಕಾದ ಲೆಕ್ಕಪತ್ರ ಇರುವುದು ಅವರು ಯಾರನ್ನು ಕೇಳುತ್ತಿದ್ದಾರೋ ಅವರ ಬೀರುವಿನಲ್ಲೇ. ವಕೀಲರಿಲ್ಲದೆ 10 ರೂಪಾಯಿಯ ಶುಲ್ಕ ಕಟ್ಟಿ ಅರ್ಜಿ ಹಾಕುವ ಜನರಿಗಾಗಿ ಮಾಡಿದ ಕಾಯ್ದೆಯಲ್ಲಿ ಇಂಥ ಹೊರೆ ಅನ್ಯಾಯವೆಂದೇ ನಾನು ತಿಳಿಯುತ್ತೇನೆ.

ಯಾವ ಕೆಲಸ ಮಾಡುತ್ತೀರಿ ಎಂಬ ಪ್ರಶ್ನೆ

ಸರ್ಕಾರದ ಹಣವೂ ಬೇಡ, ಹಿಡಿತವೂ ಇಲ್ಲ, ಆದರೆ ಮಾಡುವ ಕೆಲಸ ದೇಶಕ್ಕೆ ಸಂಬಂಧಿಸಿದ್ದು. ಆಗ? ಕ್ರಿಕೆಟ್ ಮಂಡಳಿ ಬಿಸಿಸಿಐ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ತಮಿಳುನಾಡಿನ ಸಂಘಗಳ ನೋಂದಣಿ ಕಾಯ್ದೆಯಡಿಯ ಈ ಸಂಘ ಆರಿಸುವ ತಂಡವನ್ನು ಜಗತ್ತು ಭಾರತವೆಂದು ಕರೆಯುತ್ತದೆ. 2005ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಮೂವರ ಬಹುಮತದಿಂದ, ಬಿಸಿಸಿಐ ಸಂವಿಧಾನದ ಅರ್ಥದಲ್ಲಿ ‘ಪ್ರಭುತ್ವ’ ಅಲ್ಲ ಎಂದಿತು. 2015ರಲ್ಲಿ ಅದೇ ನ್ಯಾಯಾಲಯ, ಅದು ಮಾಡುವುದು ಸಾರ್ವಜನಿಕ ಕೆಲಸ ಎಂದಿತು. ಕಾನೂನು ಆಯೋಗ 2018ರ ಏಪ್ರಿಲ್‌ನಲ್ಲಿ ತನ್ನ 275ನೇ ವರದಿಯಲ್ಲಿ ಅದನ್ನು ಮಾಹಿತಿ ಹಕ್ಕಿನ ವ್ಯಾಪ್ತಿಗೆ ತರಲು ಶಿಫಾರಸು ಮಾಡಿತು. ಅದೇ ಅಕ್ಟೋಬರ್‌ನಲ್ಲಿ ಕೇಂದ್ರ ಮಾಹಿತಿ ಆಯುಕ್ತ ಶ್ರೀಧರ್ ಆಚಾರ್ಯುಲು ತಂದೇಬಿಟ್ಟರು. ಆ ಆದೇಶ ನ್ಯಾಯಾಲಯದ ತಡೆಯಲ್ಲಿ ಸಿಕ್ಕಿತು. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯ ಕರಡಿನಲ್ಲಿ ಮಾನ್ಯತೆ ಪಡೆದ ಎಲ್ಲ ಕ್ರೀಡಾ ಸಂಸ್ಥೆಗಳೂ ಮಾಹಿತಿ ಹಕ್ಕಿನೊಳಗಿದ್ದವು. ಅಂತಿಮ ರೂಪದಲ್ಲಿ ಸರ್ಕಾರದ ನೆರವು ಪಡೆಯುವವಕ್ಕೆ ಮಾತ್ರ ಅದನ್ನು ಸೀಮಿತಗೊಳಿಸಲಾಯಿತು. ಕೆಲಸದ ತರ್ಕ ಸೋತು ಹಣದ ತರ್ಕ ಗೆದ್ದಿತು.

ರಾಜಕೀಯ ಪಕ್ಷಗಳ ಕಥೆಯಲ್ಲಿ ಎರಡು ತರ್ಕಗಳೂ ಕೂಡಿವೆ. 2013ರ ಜೂನ್ 3ರಂದು ಕೇಂದ್ರ ಮಾಹಿತಿ ಆಯೋಗದ ಪೂರ್ಣ ಪೀಠ ಆರು ರಾಷ್ಟ್ರೀಯ ಪಕ್ಷಗಳನ್ನು ಸಾರ್ವಜನಿಕ ಪ್ರಾಧಿಕಾರಗಳೆಂದು ಸಾರಿತು. ದೆಹಲಿಯ ಅಗ್ಗದ ಭೂಮಿ ಮತ್ತು ಬಂಗಲೆ, ಆದಾಯ ತೆರಿಗೆ ವಿನಾಯಿತಿ, ಆಕಾಶವಾಣಿ-ದೂರದರ್ಶನದಲ್ಲಿ ಉಚಿತ ಸಮಯ, ಇವು ಹಣದ ಕಾರಣಗಳು. ಸರ್ಕಾರವನ್ನೇ ರಚಿಸುವ ಅವುಗಳ ಪಾತ್ರ ಕೆಲಸದ ಕಾರಣ. ಪಕ್ಷಗಳು ಆದೇಶ ಪಾಲಿಸಲಿಲ್ಲ. ಅದೇ ಆಗಸ್ಟ್‌ನಲ್ಲಿ ಪಕ್ಷಗಳನ್ನು ಹೊರಗಿಡುವ ತಿದ್ದುಪಡಿ ಮಸೂದೆ ಬಂತು, ಅಂಗೀಕಾರವಾಗದೆ ಬಿದ್ದುಹೋಯಿತು. 2015ರಲ್ಲಿ ಆಯೋಗ, ತನ್ನ ಆದೇಶ ಅಂತಿಮ, ಆದರೆ ಜಾರಿ ಮಾಡಿಸುವ ಶಕ್ತಿ ತನಗಿಲ್ಲ ಎಂದು ಕೈಚೆಲ್ಲಿತು. ಕಾಯ್ದೆಯನ್ನು ಪಾಲಿಸಿ ಎಂದು ಜನರಿಗೆ ಹೇಳುವ ಪಕ್ಷಗಳು ಜಾರಿಯಲ್ಲಿರುವ ಆದೇಶವೊಂದನ್ನು ಕಡೆಗಣಿಸಿದ್ದು ಈ ಇಡೀ ಚರಿತ್ರೆಯಲ್ಲಿ ಅತಿ ನೋವಿನ ಸಂಗತಿ.

ಹೊರದೇಶಗಳಲ್ಲಿ ಕೆಲಸದ ತರ್ಕಕ್ಕೆ ಹೆಚ್ಚು ಮನ್ನಣೆಯಿದೆ. ಫೋರ್ಶಮ್ ತೀರ್ಪು ಬಂದ 1980ರಲ್ಲೇ ಕನೆಕ್ಟಿಕಟ್ ರಾಜ್ಯದ ಸುಪ್ರೀಂ ಕೋರ್ಟ್, ಊರಿನ ಪ್ರೌಢಶಾಲೆಯಂತೆ ನಡೆಯುತ್ತಿದ್ದ ವುಡ್‌ಸ್ಟಾಕ್ ಅಕಾಡೆಮಿ ಎಂಬ ಖಾಸಗಿ ಶಾಲೆಯನ್ನು ಮಾಹಿತಿ ಕಾನೂನಿನೊಳಗೆ ತಂದಿತು. ಮಾಡುವುದು ಸರ್ಕಾರದ ಕೆಲಸವೇ, ಹಣವೆಷ್ಟು, ಸರ್ಕಾರದ ಪಾತ್ರವೆಷ್ಟು, ಹುಟ್ಟುಹಾಕಿದವರು ಯಾರು ಎಂಬ ನಾಲ್ಕನ್ನೂ ಒಟ್ಟಿಗೆ ತೂಗಿ ನೋಡಿತು. ದಕ್ಷಿಣ ಆಫ್ರಿಕಾ ಇನ್ನೂ ಮುಂದೆ ಹೋಗಿದೆ. ಅಲ್ಲಿನ 2000ನೇ ಇಸವಿಯ ಕಾಯ್ದೆಯಲ್ಲಿ, ತನ್ನ ಯಾವುದಾದರೂ ಹಕ್ಕನ್ನು ಚಲಾಯಿಸಲು ಅಥವಾ ಕಾಪಾಡಿಕೊಳ್ಳಲು ಬೇಕಾದ ದಾಖಲೆಯನ್ನು ಖಾಸಗಿ ಸಂಸ್ಥೆಯಿಂದಲೂ ಪಡೆಯಬಹುದು. ಸಂಸ್ಥೆ ಯಾವ ಬಗೆಯದು ಎಂಬ ಪ್ರಶ್ನೆಯ ಬದಲು, ಕೇಳುವವರ ಹಕ್ಕಿಗೆ ಏನು ಬೇಕು ಎಂಬ ಪ್ರಶ್ನೆ ಅಲ್ಲಿದೆ.

ಸಂಘ ಕಟ್ಟುವ ಸ್ವಾತಂತ್ರ್ಯ

ಎದುರು ಪಕ್ಷದ ಮಾತನ್ನು ಬಚ್ಚಿಟ್ಟುಕೊಳ್ಳುವ ಕಳ್ಳರ ವಾದ ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಸಂವಿಧಾನದ 19(1)(ಸಿ) ವಿಧಿ ಸಂಘ ಕಟ್ಟುವ ಹಕ್ಕನ್ನು ಕೊಡುತ್ತದೆ, 97ನೇ ತಿದ್ದುಪಡಿ ಅದಕ್ಕೆ ಸಹಕಾರ ಸಂಘಗಳನ್ನು ಸೇರಿಸಿತು. ಅಮೆರಿಕದಲ್ಲಿ 1956ರಲ್ಲಿ ಅಲಬಾಮಾ ರಾಜ್ಯ ಸರ್ಕಾರ ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿಯ ಸದಸ್ಯರ ಪಟ್ಟಿ ಕೇಳಿತು. ಪಟ್ಟಿ ಹೊರಬಿದ್ದರೆ ಸದಸ್ಯರ ಕೆಲಸ ಹೋಗುತ್ತಿತ್ತು, ಜೀವಕ್ಕೂ ಅಪಾಯವಿತ್ತು. 1958ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಪಟ್ಟಿಯನ್ನು ಕಾಪಾಡಿತು. ದೌರ್ಜನ್ಯಕ್ಕೊಳಗಾದ ಹೆಣ್ಣುಮಕ್ಕಳಿಗೆ ಆಶ್ರಯ ಕೊಡುವ, ಎಚ್‌ಐವಿ ಪೀಡಿತರೊಂದಿಗೆ ಕೆಲಸ ಮಾಡುವ ನಮ್ಮ ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ. ಮೈಸೂರು ಸೀಮೆಯ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರಲ್ಲಿ ಬಂದ ಖಾಸಗಿತನದ ತೀರ್ಪು ಈ ವಾದವನ್ನು ಬಲಪಡಿಸಿದೆ.

ಇನ್ನೊಂದು ಭಯ ಸಣ್ಣ ಸಂಸ್ಥೆಗಳದು. ಮೂವರು ಸಿಬ್ಬಂದಿಯ ಸಂಸ್ಥೆ 30 ದಿನದೊಳಗೆ ಉತ್ತರಿಸುವ ಅಧಿಕಾರಿಯನ್ನು ಎಲ್ಲಿಂದ ತರಬೇಕು? ತಡವಾದರೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡವಿದೆ. ಊರಿನ ಪುಢಾರಿ ಅರ್ಜಿಯ ಮೇಲೆ ಅರ್ಜಿ ಹಾಕಿ ಕಿರುಕುಳ ಕೊಡುವುದೂ ಸಾಧ್ಯ.

ಆದರೆ ಈ ವಾದ ದಾನಿಗಳು, ಸದಸ್ಯರು, ಫಲಾನುಭವಿಗಳನ್ನು ಕಾಪಾಡುತ್ತದೆಯೇ ಹೊರತು ಅನುದಾನದ ಲೆಕ್ಕವನ್ನು ಮುಚ್ಚಿಡಲು ಕಾರಣವಾಗುವುದಿಲ್ಲ. ವೈಯಕ್ತಿಕ ಮಾಹಿತಿ, ವ್ಯಾಪಾರದ ಗುಟ್ಟು, ನಂಬಿಕೆಯಿಂದ ಒಪ್ಪಿಸಿದ ವಿವರಗಳಿಗೆ ಸೆಕ್ಷನ್ 8 ಮೊದಲಿನಿಂದಲೂ ರಕ್ಷಣೆ ಕೊಟ್ಟಿದೆ. ಆ ರಕ್ಷಣೆ ಈಗ ಅತಿಯಾಗಿರುವುದೇ ಚಿಂತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 8(1)(ಜೆ) ಉಪಸೆಕ್ಷನ್ನನ್ನು ತಿದ್ದಿ, ವೈಯಕ್ತಿಕ ಎಂಬ ಒಂದೇ ಕಾರಣಕ್ಕೆ ನಿರಾಕರಿಸಲು ದಾರಿ ಮಾಡಿಕೊಟ್ಟಿದೆ.

ಇಲಾಖೆಯ ಮೂಲಕ ಹೋಗುವ ದಾರಿ

ಮೇಲಿನ ಮೂರೂ ಪಂಥಗಳು ಸಂಸ್ಥೆ ಒಳಗೋ ಹೊರಗೋ ಎಂದು ಜಗಳವಾಡುತ್ತವೆ. ಕಾಯ್ದೆಯಲ್ಲೇ ಇನ್ನೊಂದು ಬಾಗಿಲಿದೆ. ಸೆಕ್ಷನ್ 2(ಎಫ್) ಮಾಹಿತಿಯನ್ನು ವ್ಯಾಖ್ಯಾನಿಸುವಾಗ, ಜಾರಿಯಲ್ಲಿರುವ ಬೇರಾವುದೇ ಕಾನೂನಿನಡಿ ಸಾರ್ವಜನಿಕ ಪ್ರಾಧಿಕಾರ ಖಾಸಗಿ ಸಂಸ್ಥೆಯಿಂದ ಪಡೆಯಬಹುದಾದ ಮಾಹಿತಿಯನ್ನೂ ಸೇರಿಸುತ್ತದೆ. ಅಂದರೆ ಸಂಸ್ಥೆ ಖಾಸಗಿಯಾಗಿಯೇ ಉಳಿಯಬಹುದು. ನಿಬಂಧಕರು ಅಥವಾ ಶಿಕ್ಷಣ ಇಲಾಖೆ ಕಾನೂನುಬದ್ಧವಾಗಿ ಕೇಳಿ ಪಡೆಯಬಹುದಾದ ಕಾಗದ ಜನರಿಗೂ ಸಿಗಬೇಕು.

ಇದನ್ನು ಗಟ್ಟಿಯಾಗಿ ಹೇಳಿದ 2009ರ ದೆಹಲಿ ಹೈಕೋರ್ಟ್ ತೀರ್ಪು ಉಡುಪಿಯ ಅದಮಾರು ಮಠದ ಶಿಕ್ಷಣ ಮಂಡಳಿಗೆ ಸೇರಿದ, ವಸಂತ್ ಕುಂಜ್‌ನ ಪೂರ್ಣಪ್ರಜ್ಞ ಪಬ್ಲಿಕ್ ಶಾಲೆಗೆ ಸಂಬಂಧಿಸಿದ್ದು ಎಂಬುದನ್ನು ಕನ್ನಡಿಗರು ಗಮನಿಸಬೇಕು. ಕೇಳಿದ್ದು ಆಡಳಿತ ಮಂಡಳಿಯ ಸಭಾ ನಡಾವಳಿ. ತಾನು ಅನುದಾನರಹಿತ ಖಾಸಗಿ ಶಾಲೆ ಎಂದು ಸಂಸ್ಥೆ ವಾದಿಸಿತು. ನ್ಯಾಯಮೂರ್ತಿ ಸಂಜೀವ್ ಖನ್ನಾ, ಶಾಲೆ ಸಾರ್ವಜನಿಕ ಪ್ರಾಧಿಕಾರವೇ ಎಂಬ ಪ್ರಶ್ನೆಗೆ ಹೋಗದೆ, ದೆಹಲಿಯ ಶಾಲಾ ಶಿಕ್ಷಣ ನಿಯಮಗಳಡಿ ಇಲಾಖೆಗೆ ಆ ಮಾಹಿತಿ ಪಡೆಯುವ ಅಧಿಕಾರವಿದೆಯೇ ಎಂದು ನೋಡಿದರು. ಥಲಪ್ಪಲಂ ತೀರ್ಪು ಕೂಡ ಈ ಬಾಗಿಲನ್ನು ಮುಚ್ಚಲಿಲ್ಲ. ಸಹಕಾರ ಸಂಘಗಳ ನಿಬಂಧಕರು ಸಾರ್ವಜನಿಕ ಪ್ರಾಧಿಕಾರ, ಕಾನೂನು ಅನುಮತಿಸಿದಷ್ಟು ಮಾಹಿತಿಯನ್ನು ಸಂಘದಿಂದ ತರಿಸಿ ಕೊಡಬೇಕು ಎಂದಿತು. ಆ ತೀರ್ಪಿನಲ್ಲಿ ಜನರಿಗೆ ಉಪಯೋಗಕ್ಕೆ ಬರುವ ಭಾಗ ಇದೇ, ಆದರೆ ಹೆಚ್ಚಿನವರು ಉಲ್ಲೇಖಿಸುವುದು ಸಂಘಗಳು ಹೊರಗೆ ಎಂಬ ಭಾಗವನ್ನು ಮಾತ್ರ.

ನನ್ನ ಮಟ್ಟಿಗೆ ಈ ದಾರಿಯೇ ಎಲ್ಲಕ್ಕಿಂತ ನ್ಯಾಯವಾದದ್ದು. ಸಂಸ್ಥೆಯ ಸ್ವಾತಂತ್ರ್ಯ ಉಳಿಯುತ್ತದೆ, ಸಣ್ಣವರ ಮೇಲೆ ದಂಡದ ಕತ್ತಿ ತೂಗುವುದಿಲ್ಲ, ಸಾರ್ವಜನಿಕ ಹಣ ಮತ್ತು ಹೊಣೆಗೆ ಸಂಬಂಧಿಸಿದ ಕಾಗದ ಹೊರಬರುತ್ತದೆ. ಇದರ ಮಿತಿಯೂ ಸ್ಪಷ್ಟ. ಮೇಲ್ವಿಚಾರಣೆಯ ಕಾನೂನು ಎಷ್ಟು ಬಲವಾಗಿದೆಯೋ ಅಷ್ಟೇ ಮಾಹಿತಿ ಸಿಗುತ್ತದೆ. ಸರ್ಕಾರ ಮನಸ್ಸು ಮಾಡಿದರೆ ಬಾಗಿಲನ್ನು ಕಿರಿದು ಮಾಡಲೂಬಹುದು. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳ ವಾರ್ಷಿಕ ಲೆಕ್ಕಗಳು ಗೃಹ ಸಚಿವಾಲಯದ ಜಾಲತಾಣದಲ್ಲಿ ಎಲ್ಲರಿಗೂ ಕಾಣುತ್ತಿದ್ದವು, 2022ರಲ್ಲಿ ಅವನ್ನು ತೆಗೆಯಲಾಯಿತು.

ತೀರ್ಮಾನವಾಗದೆ ಉಳಿದದ್ದು

ಥಲಪ್ಪಲಂ ಮತ್ತು ಡಿಎವಿ ಎರಡೂ ಇಬ್ಬರು ನ್ಯಾಯಮೂರ್ತಿಗಳ ಪೀಠದ ತೀರ್ಪುಗಳು. ಎರಡನೆಯದು ಮೊದಲನೆಯದನ್ನು ಒಪ್ಪಿಕೊಂಡೇ ಮುಂದೆ ಹೋದರೂ, ನೆರವಿಲ್ಲದೆ ಉಳಿಯಲಾಗದ ಸ್ಥಿತಿ ಮತ್ತು ದೊಡ್ಡ ಪಾಲಿನ ನೆರವು ಎಂಬ ಅಳತೆಗೋಲುಗಳ ನಡುವಿನ ಅಂತರ ಹಾಗೇ ಇದೆ. ಆಯೋಗದ ಮುಂದೆ ಯಾವ ತೀರ್ಪನ್ನು ಹಿಡಿದರೂ ವಾದ ಮಾಡಬಹುದು.

ತೆರಿಗೆ ವಿನಾಯಿತಿ ಪರೋಕ್ಷ ನೆರವೇ? ಪಕ್ಷಗಳ ವಿಚಾರದಲ್ಲಿ ಮಾಹಿತಿ ಆಯೋಗ ಹೌದು ಎಂದಿತ್ತು, ಥಲಪ್ಪಲಂ ಬರೀ ವಿನಾಯಿತಿ ಸಾಲದು ಎಂದಿತು. ಒಂದೇ ಟ್ರಸ್ಟಿನಡಿ ಅನುದಾನಿತ ಶಾಲೆಯೊಂದಿಗೆ ಅನುದಾನರಹಿತ ಎಂಜಿನಿಯರಿಂಗ್ ಕಾಲೇಜೂ ಇದ್ದರೆ, ಕಾಯ್ದೆ ಶಾಲೆಗೆ ಮಾತ್ರವೇ, ಇಡೀ ಟ್ರಸ್ಟಿಗೇ? ಮಠಗಳೂ ಶಿಕ್ಷಣ ಸಂಸ್ಥೆಗಳೂ ಹೆಣೆದುಕೊಂಡಿರುವ ಕರ್ನಾಟಕಕ್ಕೆ ಇದು ದಿನನಿತ್ಯದ ಪ್ರಶ್ನೆ. ಅನುದಾನ ನಿಂತ ಮೇಲೆ ಹಳೆಯ ವರ್ಷಗಳ ಕಡತಗಳ ಗತಿಯೇನು ಎಂಬುದಕ್ಕೂ ಕಾಯ್ದೆಯಲ್ಲಿ ಉತ್ತರವಿಲ್ಲ.

ಪ್ರಧಾನಿಯೇ ಅಧ್ಯಕ್ಷರಾಗಿರುವ, 2020ರ ಮಾರ್ಚ್‌ನಲ್ಲಿ ದತ್ತಿ ಟ್ರಸ್ಟಾಗಿ ನೋಂದಣಿಯಾದ ಪಿಎಂ ಕೇರ್ಸ್ ನಿಧಿ ಈ ಎಲ್ಲ ಪ್ರಶ್ನೆಗಳನ್ನೂ ಒಟ್ಟಿಗೆ ಎತ್ತುತ್ತದೆ. ಅದರ ಹಣ ಸರ್ಕಾರದ ಸಂಚಿತ ನಿಧಿಗೆ ಹೋಗುವುದಿಲ್ಲ, ಆದ್ದರಿಂದ ಅದು ಸಾರ್ವಜನಿಕ ಪ್ರಾಧಿಕಾರವಲ್ಲ ಎಂದು ಪ್ರಧಾನಿ ಕಚೇರಿ ದೆಹಲಿ ಹೈಕೋರ್ಟಿಗೆ ತಿಳಿಸಿದೆ. 1948ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಯ ಬಗ್ಗೆ ಅದೇ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು 2018ರಲ್ಲಿ ಒಬ್ಬೊಬ್ಬರು ಒಂದೊಂದು ಅಭಿಪ್ರಾಯ ಕೊಟ್ಟಿದ್ದರು. ದೇಶದ ಅತಿ ದೊಡ್ಡ ಹುದ್ದೆಯ ಹೆಸರಿನಲ್ಲಿ ಜನ ಕೊಟ್ಟ ಹಣದ ಪ್ರಶ್ನೆ ಇಷ್ಟು ಕಾಲ ಇತ್ಯರ್ಥವಾಗದೆ ಉಳಿಯಬಾರದಿತ್ತು.

ಸಂಸತ್ತು ‘ಗಣನೀಯ’ಕ್ಕೆ ಒಂದು ಅರ್ಥ ಕೊಡುವವರೆಗೆ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಸಂಸ್ಥೆಗೆ ಅರ್ಜಿ ಹಾಕುವ ದಿನವೇ ಅದಕ್ಕೆ ಹಣ ಅಥವಾ ಭೂಮಿ ಕೊಟ್ಟ ಇಲಾಖೆಗೂ ಒಂದು ಅರ್ಜಿ ಹಾಕಿ. ಅನುದಾನದ ಆದೇಶ, ಹಣ ಬಳಕೆ ಪ್ರಮಾಣಪತ್ರ, ನಿವೇಶನದ ಗುತ್ತಿಗೆ ಕರಾರು, ಲೆಕ್ಕಪರಿಶೋಧನಾ ವರದಿ, ತಪಾಸಣಾ ವರದಿ ಕೇಳಿ. ಇಲಾಖೆಯ ಬಳಿ ಇಲ್ಲದಿದ್ದರೆ ಸಂಸ್ಥೆಯಿಂದ ತರಿಸಿಕೊಡುವಂತೆ ಸೆಕ್ಷನ್ 2(ಎಫ್) ಉಲ್ಲೇಖಿಸಿ ಬರೆಯಿರಿ. ಹಿಂಬರಹ ಬಂದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು.